ಋತುವಿಲ್ಲದ ಊರಿನ ನೋಟ್‌ಬುಕ್

ಸಿಂಗಪುರಕ್ಕೆ ಬರುವ ಮುಂಚೆ ಎರಡು ವರ್ಷ ನಾವು ಫಿನ್‌ಲ್ಯಾಂಡಿನಲ್ಲಿದ್ದೆವು. ಅಲ್ಲಿನ ನಮ್ಮ ಮನೆ ಓನರ್ ಒಬ್ಬ ಅಜ್ಜಿ. ಕೆರೆಯ ಮೇಲಿನ ಮಂಜುಗಡ್ಡೆ ಎಂದು ಒಡೆಯಿತು, ಬರ್ಚ್ ಮರ ಎಂದು ಚಿಗುರಿತು, ಕೊಕ್ಕರೆಗಳು ಎಂದು ದಕ್ಷಿಣಕ್ಕೆ ಹೊರಟವು, ಎಲ್ಲ ಬರೆದಿಡುತ್ತಿದ್ದರು. ನನಗೂ ಆ ಚಟ ಹತ್ತಿತು. ಹಿತ್ತಲಿಗೆ ಬರುತ್ತಿದ್ದ ಕಂದು ಮೊಲ ಚಳಿಗಾಲ ಬಂದಂತೆ ಸ್ವಲ್ಪಸ್ವಲ್ಪವೇ ಬೆಳ್ಳಗಾದದ್ದನ್ನು ವಾರವಾರವೂ ಬರೆದೆ. ಎರಡನೇ ವರ್ಷ ಅದೇ ತಿಂಗಳಲ್ಲಿ ಅದು ಮತ್ತೆ ಬೆಳ್ಳಗಾದಾಗ, ಲೆಕ್ಕ ತಾಳೆಯಾದಷ್ಟು ಖುಷಿಯಾಗಿತ್ತು.

ಸಿಂಗಪುರದ ಬುಕಿತ್ ಬಾಟೋಕ್‌ನ ನಾಲ್ಕನೇ ಮಹಡಿಯ ಮನೆಗೆ ಬಂದ ಮೇಲೂ ಹೊಸ ನೋಟ್‌ಬುಕ್ ತಂದೆ. ಮೂರು ತಿಂಗಳಲ್ಲಿ ನಾನು ಬರೆದದ್ದು ಇಷ್ಟೇ: ‘ಹಸಿರು. ಸಂಜೆ ಮಳೆ. ಹಸಿರು.’ ಅಡುಗೆಮನೆ ಕಿಟಕಿಯ ಕೆಳಗೆ ಎರಡು ಬಾದಾಮಿ ಮರ ಇದ್ದವು. ಫೆಬ್ರವರಿಯಲ್ಲಿ ಒಂದರ ಎಲೆಗಳೆಲ್ಲ ಕೆಂಪಾಗಿ ಉದುರಿದವು. ಪಕ್ಕದ್ದು ಏನೂ ಆಗದ ಹಾಗೆ ನಿಂತಿತ್ತು. ಅದು ಕೆಂಪಾಗುವ ಹೊತ್ತಿಗೆ ಆಗಸ್ಟ್. ಅಷ್ಟರಲ್ಲಿ ಮೊದಲನೆಯದು ಇನ್ನೊಂದು ಸಲ ಉದುರಿಸಲು ಶುರುಮಾಡಿತ್ತು. ಒಂದೇ ಮಣ್ಣು, ಒಂದೇ ಮಳೆ. ನನಗೆ ಸಿಟ್ಟೇ ಬಂತು.

"ಇಲ್ಲಿ ಏನೂ ಚೇಂಜ್ ಆಗಲ್ಲ ಲಾ, ಅಮ್ಮ," ಅಂದಳು ಎಂಟು ವರ್ಷದ ಮಗಳು, ಸ್ಕೂಲಿನಲ್ಲಿ ಹೊಸದಾಗಿ ಕಲಿತ ಸಿಂಗಪುರದ ‘ಲಾ’ ಸೇರಿಸಿ. "ಸುಮ್ನೆ ಯಾಕೆ ಬರೀತೀಯ?"

ಅಕ್ಟೋಬರಿನ ಒಂದು ಬೆಳಿಗ್ಗೆ ಉತ್ತರ ಸಿಕ್ಕಿತು. ಬಾದಾಮಿ ಮರದ ತುದಿಯಲ್ಲಿ ಹಿಂದೆಂದೂ ನೋಡದ ಕಂದು ಹಕ್ಕಿ. ಕಣ್ಣಿಗೆ ಕಪ್ಪು ಪಟ್ಟಿ. ಮಿಡತೆಯೊಂದನ್ನು ಹಿಡಿದು ರೆಂಬೆಗೆ ಬಡಿಯುತ್ತಿತ್ತು. ಲೈಬ್ರರಿ ಪುಸ್ತಕ ತೆಗೆದು ನೋಡಿದೆವು: ಸೈಬೀರಿಯದ ಕಡೆ ಚಳಿ ಶುರುವಾದಾಗ ಇಳಿದುಬರುವ ಹಕ್ಕಿ, ಬೇಸಿಗೆಯಾದಾಗ ವಾಪಸ್. ಇಲ್ಲಿ ಚಳಿಗಾಲ ಇಲ್ಲದಿದ್ದರೇನು, ಅಲ್ಲಿಯ ಚಳಿಗಾಲದ ಸುದ್ದಿ ಬಂದಿದೆಯಲ್ಲ! ಅದು ಬಂದ ದಿನ ಬರೆದೆ. ಹೊರಡುವ ದಿನವನ್ನೂ ಬರೆಯಬೇಕು ಅಂದುಕೊಂಡೆ.

ಜನವರಿಯಿಂದ ರಾಫೆಲ್ಸ್ ಪ್ಲೇಸ್‌ನ ನನ್ನ ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್. ಅಲ್ಲಿ ಎಲ್ಲರಿಗೂ ಕೆಲಸವೋ ಕೆಲಸ. ಶನಿವಾರ, ಭಾನುವಾರವೂ ಬಿಡುವಿಲ್ಲ. ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟೆ. "ದಿನಾ ಸ್ಕೂಲಿಂದ ಬಂದು ಹಕ್ಕಿ ಇದೆಯಾ ಅಂತ ನೋಡಿ ಬರೆದಿಡು." ಅವಳು ತಲೆಯಾಡಿಸಿದಳು.

ಮೇ ತಿಂಗಳಲ್ಲಿ ಬಿಡುವಾಗಿ ತೆರೆದು ನೋಡಿದೆ. ದಿನವೂ ಬರೆದಿದ್ದಳು. ‘ಹಕ್ಕಿ ಇತ್ತು.’ ‘ಹಕ್ಕಿ ಎರಡು ಇತ್ತು.’ ‘ಇವತ್ತು ಸ್ನೋ ಬಿತ್ತು.’ ‘ಹಕ್ಕಿ ನಮ್ಮನೆಗೆ ಬಂದು ಇಡ್ಲಿ ತಿಂತು.’ ಇವುಗಳ ಕೊನೆಗೆ ಏಪ್ರಿಲ್ ಹನ್ನೆರಡು: ‘ಹಕ್ಕಿ ಹೋಯ್ತು.’ ಆಮೇಲೆ ಏನೂ ಇಲ್ಲ.

"ಸುಳ್ಳೆಲ್ಲ ಬರೆದಿದ್ದೀಯಲ್ಲೇ!" ಕೂಗಾಡಿದೆ. "ಇದರಲ್ಲಿ ಯಾವುದು ನಿಜ?"

"ಬೋರ್ ಆಗ್ತಿತ್ತು," ಅಂದಳು, ಕಣ್ಣು ತುಂಬಿಕೊಂಡು. "ಆದ್ರೆ ಹೋಗಿದ್ದು ನಿಜ. ಪ್ರಾಮಿಸ್. ನೀನು ಇರಲೇ ಇಲ್ಲ, ಇನ್ಯಾರನ್ನ ಕೇಳ್ತೀಯ?"

ಅವಳ ಮಾತು ನಂಬಬೇಕು ಅನ್ನಿಸಿತು, ಆದರೆ ಇಡ್ಲಿ ತಿಂದ ಹಕ್ಕಿಯ ಪಕ್ಕದಲ್ಲಿ ಆ ತಾರೀಖನ್ನು ಹೇಗೆ ನಂಬಲಿ? ಗಂಡನನ್ನು ಕೇಳಿದರೆ, "ಯಾವ ಹಕ್ಕಿ?" ಅಂದರು.

ಮುಂದಿನ ಸಲ ನಾನೇ ಕಾಯುತ್ತೇನೆ ಅಂದುಕೊಂಡಿದ್ದೆ. ಜೂನ್‌ನಲ್ಲಿ ಮನೆ ಓನರ್ ಫ್ಲ್ಯಾಟ್ ಮಾರಿದರು. ಆಂಗ್ ಮೋ ಕಿಯೋಗೆ ಶಿಫ್ಟ್ ಆದೆವು. ಹನ್ನೊಂದನೇ ಮಹಡಿ, ಕಿಟಕಿ ತೆರೆದರೆ ಎದುರಿನ ಬ್ಲಾಕಿನ ಕಿಟಕಿಗಳು. ಅಕ್ಟೋಬರಿನ ಒಂದು ಶನಿವಾರ ಹಟ ಹಿಡಿದು ಎಂಆರ್‌ಟಿ ರೈಲಿನಲ್ಲಿ ಬುಕಿತ್ ಬಾಟೋಕ್‌ಗೆ ಹೋದೆ, ಮಗಳನ್ನೂ ಎಳೆದುಕೊಂಡು. ಬ್ಲಾಕಿಗೆ ಹೊಸ ಲಿಫ್ಟ್ ಕಟ್ಟಲು ತಗಡಿನ ಬೇಲಿ ಹಾಕಿದ್ದರು. ಎರಡು ಬಾದಾಮಿ ಮರಗಳಲ್ಲಿ ಒಂದು ಇರಲಿಲ್ಲ. ಇನ್ನೊಂದರ ತಲೆ ಕತ್ತರಿಸಿದ್ದರು.

ಮುಕ್ಕಾಲು ಗಂಟೆ ಕತ್ತೆತ್ತಿ ನಿಂತೆವು. ಮೈನಾಗಳು ಬಂದವು, ಹೋದವು. ಆಮೇಲೆ ಮಳೆ ಶುರುವಾಯಿತು. ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನೊಳಗೆ ಓಡಿ ನಿಂತಾಗ ಮಗಳು ನನ್ನ ಬ್ಯಾಗಿನಿಂದ ನೋಟ್‌ಬುಕ್, ಪೆನ್ನು ತೆಗೆದು ಕೇಳಿದಳು, "ಇವತ್ತು ಬರಲಿಲ್ಲ ಅಂತ ಬರೀಲಾ? ಇದು ನಿಜ."

"ಬರಿ," ಅಂದೆ. ನನ್ನ ದನಿ ಇನ್ನೂ ಒರಟಾಗಿಯೇ ಇತ್ತು.