ಮಾಲಿಗೆ ಬಾಯಿಲ್ಲ ಕಣಮ್ಮಿ

ನೀವು ಜಾರಿ ಬೀಳದಿರಲಿ ಎಂದು ನಿಮ್ಮ ಗಂಡ ಯಾವತ್ತಾದರೂ ನಿಮ್ಮ ಕಾಲಡಿಗೆ ರಬ್ಬರ್ ಮ್ಯಾಟು ಹಾಸಿದ್ದಾರಾ? ನಮ್ಮವರು ಹಾಸುತ್ತಾರೆ. ನನಗಲ್ಲ, ಕಬ್ಬಿಣದ ಪೈಪಿಗೆ.

ನಮ್ಮ ಮನೆಯವರದು ಸ್ವಂತ ಲಾರಿ, ಓಡಿಸುವವರೂ ಅವರೇ. ಕಳೆದ ವಾರ ನಾನು ಕೆಲಸ ಮಾಡುವ ಸ್ಕೂಲಿಗೆ ರಜೆ. ಕಿರುಗಾವಲಿನ ಅಕ್ಕನ ಮನೆಗೆ ಹೊರಟಿದ್ದೆ. (ಹೆಂಗಸರಿಗೆ ಬಸ್ಸು ಫ್ರೀ, ಸೀಟು ಮಾತ್ರ ಸಿಗುವುದಿಲ್ಲ.) ಅಲ್ಲಿಗೇ ಒಂದು ಲೋಡು ಇದೆ, ಗೆಜ್ಜಲಗೆರೆಗೆ ಬಾ ಎಂದರು. ಹೋದೆ. ಹೋಗಿ ಹೊಟ್ಟೆ ಉರಿಸಿಕೊಂಡೆ.

ಫ್ಯಾಕ್ಟರಿ ಗೇಟಿನ ಪಕ್ಕ ಅವರು ರಬ್ಬರ್ ಮ್ಯಾಟು ಹಾಸಿ ಹೇರಿದ ಪೈಪುಗಳಿಗೆ ಬೆಲ್ಟು ಬಿಗಿಯುತ್ತಿದ್ದರು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಕಟಕಟ ಎಂದು ಬಿಗಿಯಾಗುವ ದಪ್ಪ ಪಟ್ಟಿ. ಅಂಚು ತಾಗಿ ಬೆಲ್ಟು ಸವೆಯಬಾರದೆಂದು ನಡುವೆ ಹಳೇ ಟೈರಿನ ತುಂಡು. ಬಿಗಿದು, ತಟ್ಟಿ ನೋಡಿ, ಸಮಾಧಾನವಾಗದೆ ಇನ್ನಷ್ಟು ಬಿಗಿದರು. ಆಮೇಲೆ ಒಂದು ಸರಪಳಿ ತಂದು ಪೈಪುಗಳ ಕ್ಯಾಬಿನ್ ಕಡೆಯ ತುದಿಗೆ ಅಡ್ಡಲಾಗಿ ಹಾಕಿ, ಹಿಂದಕ್ಕೆಳೆದು ಕಟ್ಟಿದರು.

ನಾನು ಬಿಸಿಲಲ್ಲಿ ನಿಂತಿದ್ದೆ. ಊಟ ಆಯ್ತಾ ಎಂದೂ ಕೇಳಲಿಲ್ಲ.

ಇದೇ ಮನುಷ್ಯ ನನ್ನನ್ನು ಬೈಕಿನಲ್ಲಿ ಕರೆದೊಯ್ಯುವಾಗ ಸೆರಗು ಸರಿ ಮಾಡಿಕೊಳ್ಳುವಷ್ಟು ಹೊತ್ತೂ ಕೊಡುವುದಿಲ್ಲ. ಒಂದು ಸಲ ನಾನು ಹತ್ತುವ ಮೊದಲೇ ಹೊರಟು, ಪೆಟ್ರೋಲ್ ಬಂಕ್ ದಾಟಿದ ಮೇಲೆ ವಾಪಸು ಬಂದಿದ್ದರು.

ಲಾರಿ ಹೊರಟಿತು. ಮದ್ದೂರು ಬಂತು. ವಡೆ ತಿನ್ನೋಣವೇ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಗಾಡಿ ನಿಂತಿತು. ಪರವಾಗಿಲ್ಲ, ನೆನಪಿದೆ ಎಂದು ಖುಷಿಪಟ್ಟೆ. ಅವರು ಇಳಿದದ್ದು ಬೆಲ್ಟು ಮುಟ್ಟಿ ನೋಡಲು! ಮಳವಳ್ಳಿಯಲ್ಲೂ ಅದೇ ಕಥೆ. ನನಗೆ ತಡೆಯಲಾಗಲಿಲ್ಲ. ಆ ಕಬ್ಬಿಣವನ್ನು ವಿಚಾರಿಸಿಕೊಳ್ಳುವುದರಲ್ಲಿ ಅರ್ಧದಷ್ಟು ನನ್ನನ್ನು ವಿಚಾರಿಸಿಕೊಂಡಿದ್ದರೆ ಸಾಕಿತ್ತು ಎಂದುಬಿಟ್ಟೆ.

ಅವರು ಗೇರು ಹಾಕುತ್ತಾ, "ಮಾಲಿಗೆ ಬಾಯಿಲ್ಲ ಕಣಮ್ಮಿ. ನಿಂಗೈತಲ್ಲ," ಎಂದರು.

ಇದಕ್ಕೆ ಏನನ್ನುತ್ತೀರಿ? ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಹಾಗೆ ಕೂತಿದ್ದರಿಂದಲೇ ಟ್ರ್ಯಾಕ್ಟರನ್ನು ಮೊದಲು ಕಂಡವಳು ನಾನು. ಗದ್ದೆಯ ದಾರಿಯಿಂದ ಕಬ್ಬು ಹೇರಿಕೊಂಡು, ಅತ್ತ ಇತ್ತ ನೋಡದೆ, ಸೀದಾ ರಸ್ತೆಗೇ ಬಂತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಅವರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಬೆನ್ನ ಹಿಂದೆ ಅಷ್ಟೂ ಕಬ್ಬಿಣ ಒಮ್ಮೆ ಗುಡುಗಿತು. ಸರಪಳಿ ಝಣ್ ಎಂದಿತು. ಆಮೇಲೆ ಸದ್ದಿಲ್ಲ. ಟ್ರ್ಯಾಕ್ಟರಿನವನು ಕೈಯೆತ್ತಿ, ಏನೂ ಆಗಿಲ್ಲವೆಂಬಂತೆ ಹೋದ.

ಇಳಿದು ನೋಡಿದೆ. ನಡುವಿನ ಕೆಲವು ಪೈಪುಗಳು ಬೆಲ್ಟಿನಡಿಯಿಂದ ಜಾರಿ ಮುಂದೆ ಬಂದಿದ್ದವು. ಸರಪಳಿಗೆ ಮೂತಿ ಒತ್ತಿ ನಿಂತಿದ್ದವು. ಅಲ್ಲಿಂದ, ಸೀಟಿನಲ್ಲಿ ನನ್ನ ತಲೆಯಿದ್ದ ಜಾಗಕ್ಕೆ ಹೆಚ್ಚು ದೂರವಿರಲಿಲ್ಲ. ನಮ್ಮವರು ಬೆಲ್ಟನ್ನು ಮತ್ತೆ ಬಿಗಿದು, ಸರಪಳಿಯನ್ನು ಎರಡೆರಡು ಸಲ ಎಳೆದು ನೋಡಿದರು.

ಕಿರುಗಾವಲಿನಲ್ಲಿ ಮಾಲು ಇಳಿಸುವಾಗ ಅಂಗಡಿಯವರು ಸರಪಳಿ ನೋಡಿ, "ಏನಣ್ಣ, ಇದೇನ್ ಹೊಸ್ದು? ಯಾವತ್ತೂ ಬರೀ ಬೆಲ್ಟಲ್ವಾ?" ಎಂದು ಕೇಳಿದರು.

"ಇವತ್ತು ಇವ್ಳು ಕುಂತವ್ಳಲ್ಲ ಮುಂದೆ," ಎಂದರು ನಮ್ಮವರು, ನನ್ನ ಕಡೆ ನೋಡದೆ.

ಅಲ್ಲೇ ನಿಂತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರಲಿಲ್ಲ. ಹೊಟ್ಟೆಕಿಚ್ಚೆಲ್ಲ ಆರಿತು. ಆದರೆ ಎಷ್ಟು ಹೊತ್ತು? ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಯೋಚನೆ ಬಂತು. ನಾನಿಲ್ಲದ ದಿನ ಆ ಸರಪಳಿ ಏನು ಮಾಡುತ್ತಿರುತ್ತದೆ? ಪಕ್ಕದಲ್ಲೇ ಉಣ್ಣುತ್ತಿದ್ದ ಅವರನ್ನು ಕೇಳಿದೆ.

ಸೀಟಿನ ಕೆಳಗೆ ಬಿದ್ದಿರುತ್ತದಂತೆ. ಕಟ್ಟಲು ಬಿಚ್ಚಲು ಹೊತ್ತು ಹಿಡಿಯುತ್ತದಂತೆ. "ಒಬ್ನೇ ಇರ್ತೀನಲ್ಲ, ನಡೀತದೆ ಬುಡು."

ನಮ್ಮ ಕಡೆಯ ಗಂಡಸರೆಲ್ಲ ಹೀಗೆಯೇ. ಹೆಲ್ಮೆಟ್ಟು ಪೊಲೀಸರಿಗೆ, ಸೀಟ್ ಬೆಲ್ಟು ಹೈವೇ ಕ್ಯಾಮೆರಾಕ್ಕೆ, ಬಿಗಿದ ಹಗ್ಗ ಮಾಲಿನವರಿಗೆ. ತಮಗೆ ಮಾತ್ರ ‘ನಡೀತದೆ ಬುಡು’.

ಈಗ ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಇದೇ ಜಗಳ. ಒಬ್ಬನೇ ಇದ್ದೇನೆ ಎಂದರೆ ಏನರ್ಥ ಸ್ವಾಮಿ, ಆ ಸೀಟಿನಲ್ಲಿ ಕೂತಿರುವುದು ನನ್ನ ಗಂಡನಲ್ಲವೇ?