ಹಗೇವಿನ ಗಾಳಿ, ಅವರೆಯ ಬಳ್ಳಿ

ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಹಿತ್ತಲಿನಲ್ಲಿ ಆಳುದ್ದಕ್ಕಿಂತ ಆಳವಾಗಿ ತೋಡಿದ ಗುಂಡಿ. ಹೂಜಿಯ ಹಾಗೆ ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿಯ ರಾಗಿಯನ್ನು ಅದರೊಳಗೆ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಜೀವ ಕೈಯಲ್ಲಿ ಹಿಡಿದಿರಬೇಕು, ಒಳಗಿನ ಗಾಳಿ ಉಸಿರು ಕಟ್ಟಿಸುವಂಥದ್ದು. ಬೆಳಿಗ್ಗೆ ಚಪ್ಪಡಿ ಸರಿಸಿ, ಹೊಂಗೆಯ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸಿ, ಬಿಸಿಲೇರುವವರೆಗೆ ಹಾಗೇ ಬಿಟ್ಟು, ಆಮೇಲೆ ಒಂದು ದೀಪವನ್ನು ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿಹೋದರೆ ಯಾರೂ ಇಳಿಯುತ್ತಿರಲಿಲ್ಲ.

ಹೊಳೆನರಸೀಪುರದ ಹತ್ತಿರದ ನಮ್ಮೂರಿನಲ್ಲಿ, ಆ ದೀಪಕ್ಕೆ ಕಾಯದೆ ಇಳಿದವರು ನಮ್ಮ ತಾತ. ನಾನು ಹುಟ್ಟುವ ಮೊದಲಿನ ಮಾತು. ಚನ್ನರಾಯಪಟ್ಟಣದಿಂದ ನೆಂಟರು ಬರುವವರಿದ್ದರು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ರಾಗಿಕಲ್ಲಿನ ಮುಂದೆ ಕೂತಿದ್ದ ಅಜ್ಜಿ, "ಒತ್ತಾಯ್ತು, ಬಿರ್‍ರನೆ ಇಳೀರಿ, ನಾ ಯಾವಾಗ ಬೀಸಾದು?" ಎಂದಳಂತೆ. ತಾತ ಇಳಿದರು. ರಾಗಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆ ಹೊತ್ತಿಗೆ ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ಅವತ್ತಿನಿಂದ ಅಜ್ಜಿ ಅವರೆ ಮುಟ್ಟಲಿಲ್ಲ, ಹಗೇವಿನ ಕಡೆಗೂ ಸುಳಿಯಲಿಲ್ಲ. ನೀರಿಗೆ ಹೋಗುವಾಗ ಸಹ ಹಿತ್ತಲು ಬಿಟ್ಟು ಬೀದಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದಳು. ಅವಳ ಬಾಯಿ ಊರಿಗೆಲ್ಲ ಹೆದರಿಕೆ ಹುಟ್ಟಿಸುವಂಥದ್ದು. ಆದರೆ ತಾತನ ಮಾತು ಬಂದರೆ ಒಂದೇ ಒಂದು ಮಾತು: "ನಾನೇ ಕಣ್ರವ್ವ ಇಳಿಸ್ದೋಳು."

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಾಸನದ ಕಾಲೇಜಿಗೆ ಸೇರಿದೆ. ನಮ್ಮ ಬೀದಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ತಲೆಗೆ ಕೊಂಬು ಬಂದಿತ್ತು, ಸುಳ್ಳು ಹೇಳುವುದೇಕೆ. ಸಸ್ಯಶಾಸ್ತ್ರದ ಪಾಠದಲ್ಲಿ ಕೇಳಿದ್ದನ್ನೆಲ್ಲ ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಕೂತು ಒದರುತ್ತಿದ್ದೆ. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲಾಮ್ಲವೇ (ಈಗ ಕಾರ್ಬನ್ ಡೈಆಕ್ಸೈಡ್ ಅನ್ನುತ್ತಾರಲ್ಲ, ಅದೇ) ಗಿಡಕ್ಕೆ ಊಟ, ಹೊರದೇಶದಲ್ಲಿ ಗಾಜಿನ ಮನೆ ಕಟ್ಟಿ ಆ ಗಾಳಿಯನ್ನು ಹೆಚ್ಚಾಗಿ ಬಿಟ್ಟು ಗಿಡ ಬೆಳೆಸುತ್ತಾರೆ ಎಂದೆ. ಅಪ್ಪ ನಕ್ಕು ಎತ್ತು ಹೊಡೆದುಕೊಂಡು ಹೋದರು. ಅಜ್ಜಿ ಮಾತ್ರ ಮೊರ ಕೆಳಗಿಟ್ಟಳು.

"ಅಗೇವಿನೊಳಗಿರೋ ಗಾಳೀನೂ ಅದೇನಾ?"

"ಅದೇ ಕಣಜ್ಜಿ. ರಾಗೀನೂ ಉಸುರಾಡ್ತದೆ. ಮುಚ್ಚಿದ್ ಗುಂಡೀಲಿ ಅದರ ಉಸುರೇ ತುಂಬ್ಕೊಂಡಿರ್ತದೆ."

"ಅದು ಜಾಸ್ತಿ ಆದ್ರೆ ಗಿಡ ಜಾಸ್ತಿ ಬೆಳೀತದಾ?"

"ಊಂ, ಬೆಳೀತದೆ."

ಅಷ್ಟೇ. ಅವಳು ಮತ್ತೆ ಮೊರ ಎತ್ತಿಕೊಂಡಳು.

ಕೆಲವು ದಿನಗಳಾದ ಮೇಲೆ ಅಪ್ಪ ಹಗೇವು ತೆಗೆದು ಬೇಕಾದಷ್ಟು ರಾಗಿ ತೆಗೆದುಕೊಂಡರು. ಚಪ್ಪಡಿ ಎಳೆಯಬೇಕು, ಆಗ ಹಿತ್ತಲ ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡಳು. ಕೈಯಲ್ಲಿ ಒಡಕು ಮಡಕೆ, ಅದರಲ್ಲಿ ಅವರೆಯ ಎಳೆ ಸಸಿಗಳು. ಅವ್ವ ಪೊರಕೆ ಹಿಡಿದವಳು ಹಾಗೇ ನಿಂತುಬಿಟ್ಟಳು. ದೀಪ ಇಳಿಸುವ ಹಗ್ಗವನ್ನೇ ಮಡಕೆಗೆ ಕಟ್ಟಿ, ಅಜ್ಜಿ ಅದನ್ನು ನಿಧಾನವಾಗಿ ಒಳಗೆ ಇಳಿಸಿದಳು. "ಈಗ ಮುಚ್ಚು" ಎಂದಳು. ಅಪ್ಪ ಎದುರಾಡಲಿಲ್ಲ. ತಾಯಿ ಅಲ್ಲಿಗೆ ಬಂದಳಲ್ಲ ಎನ್ನುವುದೇ ಅವರಿಗೆ ಸಾಕಾಗಿತ್ತು.

ರಜೆ ಮುಗಿಯುವ ಮೊದಲು ಮಡಕೆ ಮೇಲೆತ್ತಿದರು. ಸಸಿಗಳು ಬೆಳೆದಿದ್ದವು, ಬೆಳೆದಿದ್ದೇನೋ ನಿಜ. ಶ್ಯಾವಿಗೆ ಎಳೆಯಂತೆ ಉದ್ದಕ್ಕೆ, ತೆಳ್ಳಗೆ, ಹಳದಿಯಾಗಿ ಮಡಕೆಯ ಅಂಚಿನ ಮೇಲೆ ಒರಗಿಕೊಂಡಿದ್ದವು. ಅಜ್ಜಿ ಮಣ್ಣಿನ ಮೇಲೆ ಕುಸಿದು ಕೂತಳು.

"ಅವರ್ನ ತಿಂದಿದ್ದು ಸಾಲ್ದಾಗಿತ್ತು, ಇದನ್ನೂ ತಿಂದಾಕ್ತು."

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತು ಹೇಳಿದೆ: "ಗಾಳಿ ತಪ್ಪಲ್ಲ ಕಣಜ್ಜಿ. ಅಕ್ಕಿ ಇಟ್ಟು ಒಲೆ ಹಚ್ದೆ ಇದ್ರೆ ಅನ್ನ ಆದದಾ? ಗಿಡುಕ್ಕೆ ಬಿಸ್ಲೇ ಒಲೆ. ಒಳಗೆ ಬೆಳಕಿರ್ಲಿಲ್ಲ, ಅಷ್ಟೆಯ."

ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. "ಇದನ್ನ ಮೊದ್ಲೇ ಬೊಗಳಾಕೆ ಏನಾಗಿತ್ತೆ ನಿಂಗೆ?"

ಸಸಿಗಳಲ್ಲಿ ಒಂದೇ ಒಂದು ಉಳಿಯಿತು. ಅದನ್ನು ಹಗೇವಿನ ಚಪ್ಪಡಿಯ ಪಕ್ಕದಲ್ಲೇ ನೆಟ್ಟಳು. ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ. ಹಗೇವು ತೆಗೆದಾಗಲೆಲ್ಲ ಚಪ್ಪಡಿಯನ್ನು ಸಂಜೆವರೆಗೂ ಮುಚ್ಚಗೊಡುತ್ತಿರಲಿಲ್ಲ, ಬಳ್ಳಿ ಉಣ್ಣಬೇಕಂತೆ. ಆ ಗಾಳಿ ಭಾರ, ತಳದಲ್ಲೇ ಕೂರುತ್ತದೆ, ಮೇಲೆ ಬರುವುದಿಲ್ಲ ಎಂದು ನಾನು ಹೇಳಿ ನೋಡಿದೆ. "ಅದುಕ್ಕೆ ದಾರಿ ಗೊತ್ತು. ನೀನು ಓಗಿ ಓದ್ಕೊ" ಎಂದಳು.

ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಚಪ್ಪಡಿ ಮುಚ್ಚಿಹೋಯಿತು, ಬೇಲಿ ಮುಚ್ಚಿಹೋಯಿತು. ಅದು ಹಗೇವಿನ ಗಾಳಿಯಿಂದಲೋ ಮುಸುರೆ ನೀರಿನಿಂದಲೋ, ಮುಸುರೆ ನೀರೆಂದೇ ನನ್ನ ಅನುಮಾನ. ದಸರೆ ಕಳೆದರೂ ಹೂವಿಲ್ಲ. ಅರಕಲಗೂಡಿನಿಂದ ಬಂದ ಅತ್ತೆ, "ಬರೀ ಸೊಪ್ಪು ಕಣವ್ವ, ದನುಕ್ಕಾಕು" ಎಂದು ಅಜ್ಜಿಯ ಕೈಲಿ ಚೆನ್ನಾಗಿ ಬೈಸಿಕೊಂಡಳು.

ಈಗ ಪೇಪರಿನಲ್ಲಿ ಓದುತ್ತೇನೆ. ಹೊಗೆ ಕಾರಿ ಕಾರಿ ಲೋಕದ ಗಾಳಿಯಲ್ಲೇ ಇಂಗಾಲಾಮ್ಲ ಏರುತ್ತಿದೆಯಂತೆ. ಅವರೆಯಂಥ ಗಿಡಗಳು ಅದನ್ನುಂಡು ಸೊಂಪಾಗಿ ಬೆಳೆಯಬಹುದು, ರಾಗಿಗೆ ಅದರಿಂದ ಅಷ್ಟೇನೂ ಲಾಭವಿಲ್ಲ. ಬತ್ತ ಗೋಧಿಯಲ್ಲಿ ಕಾಳು ಹೆಚ್ಚಿದರೂ ಕಾಳಿನ ಕಸುವು ಇಳಿಯುತ್ತದೆ. ನೀರು, ಗೊಬ್ಬರ, ತಂಪು ಸಾಲದೆ ಹೋದರೆ ಆ ಊಟ ಇದ್ದೂ ಇಲ್ಲದ ಹಾಗೆ. ಅಜ್ಜಿಗೆ ನಾನು ಜಗಲಿಯ ಮೇಲೆ ಕೊಟ್ಟ "ಊಂ, ಬೆಳೀತದೆ" ಎಂಬ ಉತ್ತರ ಎಷ್ಟು ಗಿಡ್ಡದ್ದು! ಅವಳು ಕೇಳಿದ್ದೂ ಬೆಳೆಯ ಮಾತಾಗಿರಲಿಲ್ಲ. ಅದು ನನಗೆ ತಿಳಿದದ್ದು ಆ ವರ್ಷದ ಸಂಕ್ರಾಂತಿಗೆ.

ಚಳಿ ಬಿದ್ದ ಮೇಲೆ ಬಳ್ಳಿ ಹೂ ಬಿಟ್ಟು ಕಾಯಿ ಕಚ್ಚಿತ್ತು. ಹಬ್ಬಕ್ಕೆ ನಾನು ಬಸ್ಸಿಳಿದು ಬಂದಾಗ ಅಜ್ಜಿ ಚಪ್ಪಡಿಯ ಮೇಲೆ ಕೂತು ಸೊನೆ ತುಂಬಿದ ಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದಳು.

"ಮನ್ಸ ಬಿಟ್ಟಿದ್ ಉಸುರ್ನ ಗಿಡ ತಿಂತದೆ ಅಂದಲ್ಲ. ನಿಮ್ ತಾತ ಕಡೇಲಿ ಬಿಟ್ರಲ್ಲ, ಆ ಉಸುರು? ಅದೂ ಇದ್ರೊಳಗೆ ಸೇರಿರ್ತದಾ?"

ಗಾಳಿ ಎಲ್ಲೆಲ್ಲಿಗೋ ಹೋಗುತ್ತದೆ, ಅಷ್ಟು ವರ್ಷ ಒಂದೇ ಗುಂಡಿಯಲ್ಲಿ ಕೂತಿರುವುದಿಲ್ಲ. ಪಾಠವೆಲ್ಲ ನಾಲಿಗೆ ತುದಿಗೆ ಬಂದಿತ್ತು.

"ಸೇರಿರ್ಬೌದು ಕಣಜ್ಜಿ."

"ಬೌದು ಗಿಬೌದು ಬ್ಯಾಡ. ಐತೋ ಇಲ್ವೋ ಏಳು."

"ಐತೆ."

ಅವಳು ಕಾಳನ್ನು ಮಡಿಲಿಗೆ ಬಳಿದುಕೊಂಡು ಎದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಅಭ್ಯಾಸದಂತೆ ಅಜ್ಜಿಯ ತಟ್ಟೆಗೆ ಮಜ್ಜಿಗೆ ಬಿಡಲು ಬಂದಳು. ಅಜ್ಜಿ ಕೈ ಅಡ್ಡ ಹಿಡಿದು, ಅವರೆಕಾಳಿನ ಸಾರಿನ ಪಾತ್ರೆಯ ಕಡೆ ಗದ್ದದಿಂದಲೇ ತೋರಿಸಿದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತರು. ಅಜ್ಜಿ ಮುದ್ದೆ ಮುರಿದು, ಸಾರಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದಳು.

"ಉಪ್ಪೇ ಆಕಿಲ್ವಲ್ಲೆ" ಎಂದು ಅವ್ವನನ್ನು ಗದರಿದಳು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡಳು.