ಬೆರಳಣ್ಣನ ಆಯಿಲ್ ಸೀಲು

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಬೆರಳಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಗೇರ್ ಬಾಕ್ಸ್ ಬಿಚ್ಚಿ ಶಾಫ್ಟ್ ಹೊರಗೆ ತೆಗೆದರೆ ಬೇರೆ ಫಿಟ್ಟರುಗಳು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ ನೋಡುವರು. ಇವನು ಕಣ್ಣು ಮುಚ್ಚಿಕೊಂಡು ತೋರುಬೆರಳನ್ನು ಅದರ ಸುತ್ತ ಒಂದು ಸಲ ಆಡಿಸಿ, "ಇಲ್ಲಿ ಸವೆದಿದೆ" ಎನ್ನುವನು. ಸವೆದೇ ಇರುತ್ತಿತ್ತು. "ನಿದ್ದೆ ಮುಗೀತೇನಪ್ಪ?" ಎಂದು ಮೇಸ್ತ್ರಿ ರೇಗಿಸಿದರೂ ಇವನು ಹೂಂ ಅನ್ನದೆ ಗೇರ್ ಬಾಕ್ಸ್ ಮುಚ್ಚಿಸುವ ಧೈರ್ಯ ಆತನಿಗೂ ಇರಲಿಲ್ಲ.

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ಅನುಭವಿಸಿದವರಿಗೇ ಗೊತ್ತು. ಒಂದೇ ಪೇಪರನ್ನು ಎರಡೆರಡು ಸಲ ಓದಿ, ಕಾಲಿಗೆ ಅಡ್ಡ ಸಿಗುತ್ತೀರಿ ಎಂದು ಹೆಂಡತಿಯಿಂದ ಅನ್ನಿಸಿಕೊಂಡು ದಿನ ದೂಡುತ್ತಿದ್ದವನಿಗೆ ಉಳಿದಿದ್ದ ದೊಡ್ಡಸ್ತಿಕೆಯೆಂದರೆ ಮಗಳ ಹಳೇ ಕಾರು. ಅದು ಕೆಟ್ಟ ದಿನ ಮನೆಯಲ್ಲಿ ಅವನ ದನಿ ಏರುತ್ತಿತ್ತು. ಮಗಳು ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ನರ್ಸು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಆ ಕಡಿದಾದ ದಾರಿ ಹತ್ತಿ ಇಳಿಯುತ್ತಿದ್ದಳು.

ಆ ಕಾರು ನಿಂತಲ್ಲೆಲ್ಲ ಎಣ್ಣೆ ಸುರಿಸತೊಡಗಿತು. ಗೇರ್ ಬಾಕ್ಸಿನಿಂದ ಚಕ್ರದ ಕಡೆಗೆ ಆಕ್ಸಲ್ ಹೊರಬರುವ ಬಾಯಿಗೆ ಒಂದು ರಬ್ಬರಿನ ಬಳೆ ಇರುತ್ತದೆ, ಆಯಿಲ್ ಸೀಲು. ಸೋರುತ್ತಿದ್ದದ್ದು ಅದೇ. ಎಣ್ಣೆ ಬತ್ತಿದರೆ ಗೇರ್ ಬಾಕ್ಸ್ ಇಳಿಜಾರಿನ ನಡುವೆಯೇ ಬಿಗಿದು ನಿಂತುಬಿಡಬಹುದು.

"ಗ್ಯಾರೇಜಿಗೆ ಬಿಡ್ತೀನಪ್ಪ. ಈ ವಯಸ್ಸಲ್ಲಿ ನೆಲದ ಮೇಲೆ ಮಲಗೋ ಕರ್ಮ ನಿನಗ್ಯಾಕೆ?" ಎಂದಳು ಮಗಳು.

"ನಾನು ಸತ್ತಮೇಲೆ ಬಿಡು," ಎಂದು ಅವಳ ಬಾಯಿ ಮುಚ್ಚಿಸಿದ.

ರಜೆಯ ದಿನ ಜಾಕ್ ಏರಿಸಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿದ. ಹಳೇ ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿ ಆಕ್ಸಲ್ ಎಳೆದು ತೆಗೆದ. ಹೆಂಡತಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಸೀಲು ಕೂರುವ ಜಾಗದಲ್ಲಿ ಆಕ್ಸಲ್ ನುಣುಪಾಗಿರಬೇಕು. ಅವನು ಕಣ್ಣು ಮುಚ್ಚಿ ಬೆರಳಾಡಿಸಿದ.

"ಕನ್ನಡಿ ಇದ್ದ ಹಾಗಿದೆ ನೋಡು," ಎಂದ.

ಹೊಸ ಸೀಲಿನ ಅಂಚಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿ ಕೂರಿಸಿದ. ಎಲ್ಲ ಜೋಡಿಸಿ, ಹೊಸ ಎಣ್ಣೆ ತುಂಬಿ, ಕಾರನ್ನು ಬೀದಿಯಲ್ಲಿ ಎರಡು ಸುತ್ತು ಓಡಿಸಿ ತಂದು ಅಡಿಗೆ ರಟ್ಟು ಹಾಸಿದ. ಅವತ್ತು ಊಟಕ್ಕೆ ಕೂತವನ ಗತ್ತೇ ಬೇರೆ.

ಬೆಳಿಗ್ಗೆ ರಟ್ಟು ಒದ್ದೆಯಾಗಿತ್ತು.

"ಈಗಿನ ಕಾಲದ ರಬ್ಬರೂ ಒಂದು ರಬ್ಬರಾ?" ಎಂದು ಸೀಲು ಮಾಡಿದವರ ಜನ್ಮ ಜಾಲಾಡಿದ. ಮಗಳು ಮಗುವನ್ನು ಎತ್ತಿಕೊಂಡು ಬಸ್ಸಿಗೆ ಹೋದಳು. ಅವನು ಅಂಗಡಿಗೆ ಹೋಗಿ ಇನ್ನೊಂದು ಸೀಲು ತಂದು ಮತ್ತೆ ಎಲ್ಲವನ್ನೂ ಬಿಚ್ಚಿದ. ಮತ್ತೆ ಕಣ್ಣು ಮುಚ್ಚಿ ಬೆರಳಾಡಿಸಿದ. ಆಕ್ಸಲ್‌ನಲ್ಲಿ ಏನೂ ಇರಲಿಲ್ಲ.

ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ ಹೆಂಡತಿಯ ಕೈ ನಿಂತಿತು. "ರೀ, ಇಲ್ಲೊಂದು ಗೀರು ಇದೆಯಲ್ರೀ."

"ಎಲ್ಲಿ?"

"ಇಲ್ಲೇ. ಸುತ್ತಾನೂ ಇದೆ. ಉಗುರು ಸಿಕ್ಕಾಕ್ಕೊಳ್ಳುತ್ತೆ."

ಅವಳು ತೋರಿಸಿದ ಜಾಗದಲ್ಲಿ ಬೆರಳಿಟ್ಟ. ಒತ್ತಿದ. ಏನೂ ಇಲ್ಲ. ಕನ್ನಡಕ ಒರೆಸಿ ಹಾಕಿಕೊಂಡು ಬೆಳಕಿಗೆ ಹಿಡಿದ. ಹಳೇ ಸೀಲು ಉಜ್ಜಿ ಉಜ್ಜಿ ಕೊರೆದ ಗೀರು, ಕುರುಡನೂ ಮುಟ್ಟಿ ಹೇಳಬಹುದಾದಂಥದ್ದು, ಅವನ ಬೆರಳಿನ ಕೆಳಗೇ ಇತ್ತು.

ಸಕ್ಕರೆ ಕಾಯಿಲೆ ಬಂದು ಪಾದ ಜೋಮು ಹಿಡಿದದ್ದು ಅವನಿಗೆ ಗೊತ್ತಿತ್ತು. ಕಾಲು ತಾನೇ, ಹೋದರೆ ಹೋಗಲಿ ಎಂದುಕೊಂಡಿದ್ದ. ಷರ್ಟಿನ ಗುಂಡಿ ಕೈಗೆ ಸಿಗದಿದ್ದಾಗ ದರ್ಜಿಯನ್ನು ಬೈದಿದ್ದ. ಚಿಲ್ಲರೆ ಕೈಜಾರಿದಾಗ ನಾಣ್ಯ ಚಿಕ್ಕದು ಮಾಡಿದ ಸರ್ಕಾರವನ್ನು ಬೈದಿದ್ದ. ಊರಿನವರನ್ನೆಲ್ಲ ಬೈದು ಮುಗಿದಿತ್ತು, ಇನ್ನು ಬೈಯಲು ಯಾರೂ ಉಳಿದಿರಲಿಲ್ಲ.

"ನಂಗೊತ್ತಿತ್ತು," ಎಂದಳು ಹೆಂಡತಿ ಮೆಲ್ಲಗೆ. "ಮೊನ್ನೆ ಕುದಿಯೋ ಪಾತ್ರೇನ ಬರಿಗೈಲಿ ಇಳಿಸಿದ್ರಿ."

"ಹೇಳೋದಲ್ವಾ?"

"ಹೇಳಿದ್ರೆ ನೀವು ಕೇಳೋರಾ?"

ಕೆಲಸದ ದಾರಿ ಅವನಿಗೆ ತಿಳಿಯದ್ದೇನಲ್ಲ. ಸೀಲನ್ನು ಕೂದಲೆಳೆಯಷ್ಟು ಹೊರಗೆ ಕೂರಿಸಿದರೆ ಅದರ ಅಂಚು ಗೀರು ಬಿಟ್ಟು ನುಣುಪಾದ ಜಾಗಕ್ಕೆ ಬೀಳುತ್ತದೆ. ಆದರೆ ಸುತ್ತಲೂ ಸಮನಾಗಿ ಕೂತಿದೆಯೇ ಎಂದು ನೋಡಬೇಕಾದದ್ದೂ ಬೆರಳೇ.

"ನಾನು ಮುಟ್ಟಿ ಹೇಳ್ಲಾ?"

"ಗೀರು ಹೇಳ್ತೀಯ. ಸರಿಯಾಗಿ ಕೂತಿದೆಯೋ ಇಲ್ವೋ ಅನ್ನೋದು ಒಂದು ದಿನದಲ್ಲಿ ಬರೋ ವಿದ್ಯೆ ಅಲ್ಲ ಕಣೇ."

ಆದರೂ ಕೂರಿಸಿದ. ಎಲ್ಲ ಜೋಡಿಸಿದ. ಸರಿಯಾಗಿದ್ದರೂ ಇರಬಹುದಿತ್ತು. ಇರಬಹುದು ಎಂಬ ಮಾತನ್ನು ಅವನು ಡಿಪೋದಲ್ಲಿ ಒಂದು ದಿನವೂ ಆಡಿದವನಲ್ಲ. ಅವನಿಗೆ ಅಳು ಬಂತು, ಕಾರಿನ ಕೆಳಗೆ ಮಲಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಸಂಜೆ ಮಗಳು ಬಂದಳು. ಹೆಗಲ ಮೇಲೆ ಮಗು ನಿದ್ದೆಹೋಗಿತ್ತು. "ಆಯ್ತಾ ಅಪ್ಪ? ನಾಳೆ ತಗೊಂಡು ಹೋಗ್ಬಹುದಾ?"

ಹೂಂ ಎಂದುಬಿಟ್ಟರೆ ಅವನು ಬೆರಳಣ್ಣನಾಗಿಯೇ ಉಳಿಯುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಗ್ಯಾರೇಜಿಗೆ ಫೋನ್ ಮಾಡು," ಎಂದ.

"ಯಾಕೆ, ಸರಿಯಾದ ಸೀಲು ಸಿಗಲಿಲ್ವಾ?"

ಅವಳೇ ನೆಪ ಕೊಟ್ಟಿದ್ದಳು. ತಲೆಯಾಡಿಸಿದ್ದರೆ ಸಾಕಿತ್ತು.

"ಸೀಲು ಚೆನ್ನಾಗೇ ಇದೆಯಮ್ಮ. ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಯಾವಾಗಿಂದಲೋ, ಅದೂ ಗೊತ್ತಾಗಲಿಲ್ಲ. ನಾನು ಮಾಡಿದ ಗಾಡೀಲಿ ಮಗೂನ ಕೂರಿಸ್ಕೊಂಡು ಹೋಗ್ಬೇಡ."

ಮಗಳು ಮಗುವನ್ನು ಅಮ್ಮನ ಕೈಗೆ ಕೊಟ್ಟು ಹತ್ತಿರ ಬಂದಳು. ತನ್ನ ಬೆರಳುಗಳನ್ನು ಅವಳು ಹಿಡಿದುಕೊಂಡಿದ್ದಾಳೆಂದು ತಿಳಿಯಲು ಅವನು ತಲೆ ಬಗ್ಗಿಸಿ ನೋಡಬೇಕಾಯಿತು.